ಟೆಂಟಿಗೆ ಬಂದ ಸಿ.ಐ.ಡಿ. 999

ಶೃಂಗೇರಿಗೆ ನೀವು ಹೋಗಿಯೇ ಇರುತ್ತೀರಿ. ಶಾರದಾಂಬೆಗೆ ಕೈಮುಗಿದು, ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳನ್ನು ಮಕ್ಕಳಿಗೆ ತೋರಿಸಿ, ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ, ಪ್ರಸಾದದ ಊಟ ಮುಗಿಸಿ ಬಸ್ಸು ಹತ್ತುತ್ತೀರಿ, ಅಲ್ಲವೆ? ಮುಂದಿನ ಸಲ ಶಿವಮೊಗ್ಗದ ಕಡೆಯಿಂದ ಹೊರಡಿ. ಮೊದಲು ನರಸಿಂಹರಾಜಪುರ. ಹಿಂದೆ ಇದರ ಹೆಸರು ಎಡೇಹಳ್ಳಿ. ಪಕ್ಕದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿ ದೇವಿಯ ಬಸದಿಯಿದೆ. ಭದ್ರೆಯ ಹಿನ್ನೀರೂ ಕಣ್ಣಿಗೆ ತಂಪು. ಆಮೇಲೆ ಕೊಪ್ಪ. ಕುವೆಂಪು ಅವರು 1904ರಲ್ಲಿ ಹುಟ್ಟಿದ ಹಿರೇಕೊಡಿಗೆ ಇದೇ ತಾಲ್ಲೂಕಿನದು. ಹರಿಹರಪುರ ದಾಟಿದರೆ ಶೃಂಗೇರಿ.

ಈ ದಾರಿಯಲ್ಲಿ ಎಪ್ಪತ್ತು ದಾಟಿದ ಅಮ್ಮಂದಿರು ಯಾರಾದರೂ ಬಸ್ಸಿನಲ್ಲಿ ಪಕ್ಕಕ್ಕೆ ಕೂತರೆ, ದೇವರ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಹಾಕಿ ನೋಡಿ: "ಅಮ್ಮಾ, ನೀವು ಟೆಂಟ್ ಸಿನಿಮಾ ನೋಡಿದ್ದಿರಾ?" ಅವರ ಮುಖ ಹೇಗೆ ಅರಳುತ್ತೆ ಅಂತ ನೀವೇ ಕಾಣುವಿರಿ.

ಮಲೆನಾಡಿನ ಮಳೆಯಲ್ಲಿ ಟೆಂಟು ನಿಲ್ಲುವುದುಂಟೆ? ಮಳೆ ಹಿಂದೆ ಸರಿದು ಅಡಿಕೆ ಕೊಯ್ಲಿನ ದಿನಗಳು ಬಂದ ಮೇಲೇ ಟೂರಿಂಗ್ ಟಾಕೀಸಿನ ಕಾಲ. ಮೈಕು ಕಟ್ಟಿದ ಗಾಡಿ, ಬಣ್ಣದ ಕಾಗದದ ಹ್ಯಾಂಡ್‌ಬಿಲ್ಲು, ಸಂಜೆಗೆ ಘಂಟಸಾಲರ ಕಂಠದಲ್ಲಿ ವೆಂಕಟೇಶನ ಹಾಡು. ಆ ಹಾಡು ಕೇಳಿದರೆ ಒಲೆಯ ಮೇಲಿನ ಸಾರು ಬೇಗ ಇಳಿಯುತ್ತಿತ್ತು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ಹೆಂಗಸರಿಗೆ ಒಂದು ಪಕ್ಕ. ಒಂದೇ ಪ್ರೊಜೆಕ್ಟರ್ ಇದ್ದ ಕಡೆ ರೀಲು ಬದಲಿಸಲು ಮೂರ್ನಾಲ್ಕು ಸಲ ದೀಪ ಹತ್ತುತ್ತಿತ್ತು. ಕಡಲೆಕಾಯಿಗೂ ಕಷ್ಟಸುಖಕ್ಕೂ ಅದೇ ಹೊತ್ತು.

ಆದರೆ ಹೋಗಲು ಅಪ್ಪಣೆ ಬೇಕಲ್ಲ! ದೇವರ ಚಿತ್ರವಾದರೆ ಅತ್ತೆಯವರೇ ಮುಂದೆ ಹೊರಡುತ್ತಿದ್ದರು. ಹೊಡೆದಾಟದ ಚಿತ್ರವೆಂದರೆ, "ಅದೆಲ್ಲ ಗಂಡಸರಿಗೆ" ಎಂದು ಮಾತು ಮುಗಿಯುತ್ತಿತ್ತು. ಈ ಕಟ್ಟನ್ನು ಸಡಿಲಿಸಿದ್ದು ರಾಜ್‌ಕುಮಾರ್ ಅವರ ಮುಖ. 1966ರಲ್ಲಿ 'ಮಂತ್ರಾಲಯ ಮಹಾತ್ಮೆ'ಯಲ್ಲಿ ರಾಘವೇಂದ್ರ ಸ್ವಾಮಿಗಳಾಗಿ ಕೈಮುಗಿಸಿಕೊಂಡವರು, 1968ರಲ್ಲಿ ಸೂಟು ತೊಟ್ಟು ಪಿಸ್ತೂಲು ಹಿಡಿದು 'ಜೇಡರ ಬಲೆ'ಯಲ್ಲಿ ಸಿ.ಐ.ಡಿ. 999 ಆಗಿ ಬಂದರು. ರಾಯರ ಪಾತ್ರ ಮಾಡಿದವರ ಸಿನಿಮಾಕ್ಕೆ ಹೋಗಬೇಡ ಅನ್ನುವುದು ಹೇಗೆ?

ನಿರ್ದೇಶಿಸಿದವರು ದೊರೈ-ಭಗವಾನ್ ಜೋಡಿ. ಜೇಮ್ಸ್ ಬಾಂಡನ ಮೊದಲ ಚಿತ್ರ 'ಡಾಕ್ಟರ್ ನೋ' ಬಂದದ್ದು 1962ರಲ್ಲಿ. ಆ ಸಾಹಸವನ್ನು ಇವರು ಕಪ್ಪು ಬಿಳುಪಿನಲ್ಲಿ, ಕನ್ನಡ ಚಿತ್ರದ ಕೈಯಳತೆಯ ಖರ್ಚಿನಲ್ಲಿ ಮಾಡಿ ತೋರಿಸಿದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999' ಬಂತು, ನಾಯಕಿ ಲಕ್ಷ್ಮಿ. 1969ರ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'ರಲ್ಲಿ ಮುಂದೆ ಹಿಂದಿಯಲ್ಲಿ ಹೆಸರಾದ ರೇಖಾ. 1978ರಲ್ಲಿ ಬಣ್ಣದ 'ಆಪರೇಷನ್ ಡೈಮಂಡ್ ರಾಕೆಟ್'. ಇದರಲ್ಲಿ ರಾಜ್‌ಕುಮಾರ್ ಇಂಗ್ಲಿಷ್ ಹಾಡನ್ನೇ ಹಾಡಿದರು!

ಅಗ್ಗದ ಚಿತ್ರ ಎಂದು ಮೂಗು ಮುರಿಯಬೇಡಿ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲೂ ಹೀಗೇ ಇತ್ತು. ಊರಾಚೆಯ ಬಯಲಿನಲ್ಲಿ ಪರದೆ, ಕಾರಿನಲ್ಲೇ ಕೂತ ಸಂಸಾರಗಳು. ಅಣುಬಾಂಬಿನಿಂದ ಆನೆಗಾತ್ರಕ್ಕೆ ಬೆಳೆದ ಇರುವೆಗಳ ಕಥೆ 1954ರ 'ದೆಮ್'. ಊರನ್ನೇ ನುಂಗುವ ಅಂಟಿನ ಮುದ್ದೆಯದು 1958ರ 'ದಿ ಬ್ಲಾಬ್'. ರೋಜರ್ ಕಾರ್ಮನ್ ಎಂಬಾತ 1960ರಲ್ಲಿ ಮನುಷ್ಯರನ್ನು ತಿನ್ನುವ ಗಿಡದ ಚಿತ್ರದ ಬಹುಪಾಲನ್ನು ಎರಡೇ ದಿನದಲ್ಲಿ ಚಿತ್ರೀಕರಿಸಿದ. ಕೈಯಲ್ಲಿರುವ ನಾಲ್ಕು ಕಾಸಿನಲ್ಲಿ ಮನೆ ನಡೆಸುವ ನಮಗೆ ಈ ಜಾಣತನ ಹೊಸದೇನಲ್ಲ. ದೊರೈ-ಭಗವಾನರೂ ಅಲ್ಲಿಗೇ ನಿಲ್ಲಲಿಲ್ಲ. ನಾವು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೋಡಿದ 'ಕಸ್ತೂರಿ ನಿವಾಸ' (1971), 'ಎರಡು ಕನಸು' (1974) ಅವರವೇ.

ಟೆಂಟುಗಳು ಹೋದವು. ಅವು ನಿಂತಿದ್ದ ಬಯಲಿಗೆ ಗುರುತಿನ ಕಲ್ಲೂ ಇಲ್ಲ. ನೆನಪಿಟ್ಟುಕೊಂಡವರು ಹೇಳಿದರಷ್ಟೇ ಉಂಟು. ಹಾಗಾಗಿ ಪ್ರವಾಸ ಮುಗಿಸಿ ಬಂದ ಮೇಲೆ ನಿಮ್ಮ ಮನೆಯ ಹಿರಿಯರನ್ನೂ ಕೇಳಿ. ಯಾವ ಚಿತ್ರಕ್ಕೆ ಅಪ್ಪಣೆ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ, ಯಾರ ಜೊತೆ ಲಾಟೀನು ಹಿಡಿದು ಕತ್ತಲಲ್ಲಿ ನಡೆದು ಬಂದರು? ನೋಡಲಾಗದೇ ಹೋದ ಚಿತ್ರದ ಹೆಸರು ಅವರಿಗೆ ಇನ್ನೂ ನೆನಪಿದ್ದರೆ, ಒಂದು ಭಾನುವಾರ ಅದನ್ನು ಹುಡುಕಿ ಹಾಕಿ. ಅವರನ್ನು ಮುಂದೆ, ಕುರ್ಚಿಯಲ್ಲೇ ಕೂರಿಸಿ. ಕಡಲೆಕಾಯಿ ಹುರಿಯುವ ಕೆಲಸ ನಿಮ್ಮದು.