ಹ್ಯೂಸ್ಟನ್ನಿನ ಮಾತು, ಬೈಲಹೊಂಗಲದ ಮಾತು

ತಾಳಕ್ಕೆ ಮಾತನ್ನು ಹೊಸೆದು ಎದುರಾಳಿಯನ್ನು ಕೆಣಕುವ ವಿದ್ಯೆಯು ನಮ್ಮ ಸೀಮೆಗೆ ಹೊಸತಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಡೆಯ ನಾವೆಲ್ಲ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹರದೇಶಿ ನಾಗೇಶಿಯವರು ದಪ್ಪು ತುಂತುಣಿಗಳೊಡನೆ ಇರುಳೆಲ್ಲ ವಾದ ಹೂಡುವ ಗೀಗೀ ಪದಗಳನ್ನು ಕೇಳಿ ಬೆಳೆದವರು. ಇದಕ್ಕೆ ಹತ್ತಿರದ ವಿದ್ಯೆಯೊಂದನ್ನು ಅಮೇರಿಕದಲ್ಲಿ ರ‍್ಯಾಪ್ ಎನ್ನುವರು. ಅದರಲ್ಲಿ ಜಗತ್ಪ್ರಸಿದ್ಧನಾದ ಹನುಮಾನ್‌ಕೈಂಡ್ ಎಂಬ ತರುಣನ ಚರಿತ್ರೆಯು ಗೃಹಸ್ಥರೂ ತಿಳಿಯತಕ್ಕುದಾಗಿದೆ.

ಹೆತ್ತವರು ಇಟ್ಟ ಹೆಸರು ಸೂರಜ್ ಚೆರುಕಾಟ್. ಜನನವು 1992ರಲ್ಲಿ, ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ. ತಂದೆಯ ಉದ್ಯೋಗದ ನಿಮಿತ್ತ ಕುಟುಂಬವು ದೇಶದಿಂದ ದೇಶಕ್ಕೆ ಅಲೆಯಿತು. ಬಾಲ್ಯದ ಬಹುಭಾಗವು ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ ಕಳೆಯಿತು. ರ‍್ಯಾಪ್ ಹುಟ್ಟಿದ್ದು 1970ರ ದಶಕದ ನ್ಯೂಯಾರ್ಕಿನಲ್ಲಿ. ದಕ್ಷಿಣ ಸೀಮೆಯ ಎಳೆದಾಡುವ ಮಾತನ್ನು ಅಲ್ಲಿಯವರು ಬಹುಕಾಲ ಹಳ್ಳಿಗಾಡಿನದೆಂದು ಹಗುರಾಗಿ ಕಂಡರು. ಹ್ಯೂಸ್ಟನ್ನಿನವರು ಅದಕ್ಕೆ ನಾಚಲಿಲ್ಲ. 1990ರ ದಶಕದಲ್ಲಿ ಡಿಜೆ ಸ್ಕ್ರೂ ಎಂಬಾತನು ಧ್ವನಿಮುದ್ರಿಕೆಗಳ ವೇಗವನ್ನೇ ತಗ್ಗಿಸಿ, ತನ್ನ ಊರಿನದೆಂದು ಕೇಳಿದೊಡನೆ ಗುರುತು ಹತ್ತುವ ಭಾರವಾದ ಧಾಟಿಯೊಂದನ್ನು ಹುಟ್ಟಿಸಿದನು. ಸೂರಜನ ನಾಲಗೆ ಪಳಗಿದ್ದು ಆ ಗಾಳಿಯಲ್ಲಿ.

ಸ್ವದೇಶಕ್ಕೆ ಮರಳಿ ಕೊಯಮತ್ತೂರಿನಲ್ಲಿ ಓದಿ, ಬೆಂಗಳೂರಿನಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಕಂಪನಿಯ ನೌಕರಿ ಹಿಡಿದನು. ಒಳ್ಳೆಯ ಸಂಬಳದ ನೌಕರಿ ಬಿಟ್ಟು ಪದ ಹೇಳಲು ಹೊರಟ ಮಗನನ್ನು ನಮ್ಮಲ್ಲಿ ಯಾರು ಹರಸಿಯಾರು! 2019ರಲ್ಲಿ ‘ಕಳರಿ’ ಎಂಬ ಹಾಡುಗಳ ಗುಚ್ಛವನ್ನು ಹೊರತಂದನು. 2024ರ ಜುಲೈಯಲ್ಲಿ ‘ಬಿಗ್ ಡಾಗ್ಸ್’ ಬಂದಿತು. ಬಾವಿಯಂಥ ಮರದ ಗೋಡೆಯ ಮೇಲೆ ಮೋಟಾರುಗಳನ್ನು ಸುತ್ತಿಸುವ ಜಾತ್ರೆಯ ಆಟವುಂಟಷ್ಟೆ; ಪೊನ್ನಾನಿಯಲ್ಲಿ ಅಂಥ ಬಾವಿಯೊಳಗೇ ಅದರ ಚಿತ್ರೀಕರಣವಾಯಿತು. ಅಮೇರಿಕದ ಬಿಲ್‌ಬೋರ್ಡ್ ನೂರು ಹಾಡುಗಳ ಪಟ್ಟಿಯಲ್ಲಿ ಅದು 23ನೆಯ ಸ್ಥಾನಕ್ಕೇರಿತು. 2025ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯದ ಕೋಚೆಲ್ಲಾ ಉತ್ಸವದಲ್ಲಿ ಈತನು ಕೇರಳದ ಚೆಂಡೆಯವರನ್ನು ಜತೆಗೆ ನಿಲ್ಲಿಸಿಕೊಂಡು ಹಾಡಿದನು.

ಆತನ ಪದಗಳಲ್ಲಿಯ ಬೈಗುಳವನ್ನು ನಾವು ಮೆಚ್ಚಲಾರೆವು, ಮಕ್ಕಳೆದುರು ಹಚ್ಚುವಂಥವಲ್ಲ. ಆದರೆ ಹ್ಯೂಸ್ಟನ್ನಿನ ಮಾತನ್ನು ಬೆಂಗಳೂರಿನಲ್ಲಿಯೂ, ಕೇರಳದ ಚೆಂಡೆಯನ್ನು ಕ್ಯಾಲಿಫೋರ್ನಿಯದಲ್ಲಿಯೂ ಮರೆಮಾಚದ ಆ ಎದೆಗಾರಿಕೆಗೆ ತಲೆದೂಗುವೆವು. ನಮ್ಮ ಹುಡುಗರಾದರೋ ಬೆಂಗಳೂರು ಸೇರಿದ ತಿಂಗಳೊಪ್ಪತ್ತಿನಲ್ಲಿಯೇ, ಜತೆಗಾರರು ನಕ್ಕರೆಂದು ಊರ ಮಾತನ್ನು ಕಳಚಿಡುವರು. ಕಿತ್ತೂರಿಗಾಗಿ ಹೋರಾಡಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿಯು ಈ ಮಾತಿನಲ್ಲಿಯೇ ಹುಟ್ಟಿದುದು. ಮುಂಬಯಿ ಸರಕಾರದ ಆಂಗ್ಲ ಅಧಿಕಾರಿ ಫ್ಲೀಟ್ ಸಾಹೇಬರು ಅದನ್ನು ಜನರ ಬಾಯಿಂದ ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದರು. ಬೈಲಹೊಂಗಲದ ಸಂಗ್ಯಾನ ಕಥೆಯೂ ಅವರ ಸಂಗ್ರಹದಲ್ಲಿ ಸೇರಿದೆ.

ನಮ್ಮ ಅಣ್ಣನ ಮಗನು ಬೆಂಗಳೂರಿನಲ್ಲಿದ್ದಾನೆ. ಗೆಳೆಯರೊಡನೆ ಒಂದು ಕನ್ನಡ, ಮನೆಯವರೊಡನೆ ಇನ್ನೊಂದು. ತಾನೂ ರ‍್ಯಾಪ್ ಕಟ್ಟುವೆನೆಂದು ಕಳೆದ ದೀಪಾವಳಿಯಲ್ಲಿ ಹೇಳಿದನು. “ಯಾವ ಕನ್ನಡದಾಗ ಕಟ್ಟತೀಯೋ?” ಎಂದು ಅವನ ಅಜ್ಜಿ ಕೇಳಿದರು. ಇನ್ನೂ ಉತ್ತರ ಬಂದಿಲ್ಲ.