ಟೀವಿಯ ಬೆನ್ನ ಹಿಂದೆ

ಟೀವಿ ಮುಂದೆ ಕೂರುವವರು ಮನೆತುಂಬ ಇದ್ದಾರೆ; ಟಾರ್ಚು ಹಿಡಿದು ಅದರ ಬೆನ್ನ ಹಿಂದೆ ತೂರುವವನು ಮಾತ್ರ ಮನೆಗೊಬ್ಬನೇ. ಸೆಟ್‌ಟಾಪ್ ಬಾಕ್ಸು, ಮಕ್ಕಳ ಗೇಮಿಂಗ್ ಪೆಟ್ಟಿಗೆ, ಓಟಿಟಿ ಸ್ಟಿಕ್ಕು, ಎಸೆಯಲು ಮನಸ್ಸು ಬಾರದ ಡಿವಿಡಿ ಪ್ಲೇಯರು, ಇವಿಷ್ಟರ ದನಿಯೂ ಒಂದೇ ಹೋಮ್ ಥಿಯೇಟರಿನಿಂದ ಹೊರಡಬೇಕು ಅನ್ನುವ ಆಸೆ ಹುಟ್ಟಿದ ದಿನವೇ ಅವನ ಸೊಂಟನೋವೂ ಹುಟ್ಟಿತು.

ಹಿಂದೆ ಹಳದಿ, ಬಿಳಿ, ಕೆಂಪು ಪಿನ್ನುಗಳಿದ್ದವು. ಹಳದಿ ಚಿತ್ರಕ್ಕೆ, ಬಿಳಿ ಎಡಗಡೆಯ ದನಿಗೆ, ಕೆಂಪು ಬಲಗಡೆಯದಕ್ಕೆ. ಬಣ್ಣ ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ಚುಚ್ಚಬಹುದಿತ್ತು. ಬಿಳಿ ಕೆಂಪು ಅದಲುಬದಲಾಗಿ ಎಡದಿಂದ ಬಂದ ಕುದುರೆಯ ಖುರಪುಟ ಬಲಗಡೆ ಕೇಳಿಸಿದರೂ ಯಾರ ಊಟವೂ ಕೆಡುತ್ತಿರಲಿಲ್ಲ.

2002ರ ಕೊನೆಯಲ್ಲಿ ಸೋನಿ, ಫಿಲಿಪ್ಸ್, ತೋಷಿಬಾ, ಹಿಟಾಚಿ ಮೊದಲಾದ ಏಳು ಕಂಪನಿಗಳು ಸೇರಿ ಎಚ್‌ಡಿಎಂಐ ತಂದವು. ಹತ್ತೊಂಬತ್ತು ಪಿನ್ನು, ಒಂದೇ ಕೇಬಲ್ಲು, ಚಿತ್ರವೂ ಅದರಲ್ಲೇ ದನಿಯೂ ಅದರಲ್ಲೇ. ಕಷ್ಟ ಕಳೆಯಿತು ಅಂದುಕೊಂಡೆವು. ಆದರೆ ದನಿ ಟೀವಿಯಿಂದ ವಾಪಸು ಸ್ಪೀಕರಿಗೆ ಬರಬೇಕಾದರೆ ಬೇರೆ ತಂತಿಯೇ ಬೇಕಿತ್ತು. 2009ರಲ್ಲಿ, ದನಿಯನ್ನು ಅದೇ ಕೇಬಲ್ಲಿನಲ್ಲಿ ಹಿಂದಕ್ಕೆ ಕಳಿಸುವ ಎಆರ್‌ಸಿ ಬಂದ ಮೇಲೆ ಆ ತಂತಿ ತಪ್ಪಿತು. ಸಾಮಾನ್ಯವಾಗಿ ಟೀವಿಯ ಒಂದೇ ಒಂದು ಪೋರ್ಟಿನ ಮೇಲೆ ಆ ಮೂರಕ್ಷರ ಇರುತ್ತದೆ, ಅದೂ ಕನ್ನಡಕ ಇಲ್ಲದೆ ಕಾಣದಷ್ಟು ಸಣ್ಣದಾಗಿ. ಪಕ್ಕದ ಪೋರ್ಟಿಗೆ ಚುಚ್ಚಿ, ಸ್ಪೀಕರ್ ಕೆಟ್ಟಿದೆಯೆಂದು ಅಂಗಡಿಗೆ ಹೊತ್ತುಕೊಂಡು ಹೋದವರು ಬೇಕಾದಷ್ಟು ಜನ.

ಇನ್ನು ಪಂಥಭೇದ. ಎಲ್ಲವನ್ನೂ ಹೋಮ್ ಥಿಯೇಟರಿಗೆ ಜೋಡಿಸಿ ಟೀವಿಗೆ ಒಂದೇ ಕೇಬಲ್ ಕೊಡಬೇಕೆನ್ನುವವರು ಒಂದು ಕಡೆ. ಎಲ್ಲ ಟೀವಿಗೆ, ದನಿ ಮಾತ್ರ ಹೊರಗೆ ಎನ್ನುವವರು ಇನ್ನೊಂದು ಕಡೆ. ಪೋರ್ಟು ಸಾಕಷ್ಟಿದ್ದರೆ ನಾನು ಮೊದಲನೆಯವರ ಪಕ್ಷ. ಯಾಕೆಂದರೆ ಕೆಲವು ಟೀವಿಗಳು ಹೊರಗಿನಿಂದ ಬಂದ 5.1 ದನಿಯನ್ನು ಬರೀ ಎರಡು ಚಾನೆಲ್ಲಿಗೆ ಇಳಿಸಿ ದಾಟಿಸುತ್ತವೆ. ಸೋಫಾದ ಹಿಂದೆ ಮೊಳೆ ಹೊಡೆದು ಕೂರಿಸಿದ ಸ್ಪೀಕರುಗಳು ಮದುವೆಮನೆಯಲ್ಲಿ ಕರೆಯೋಲೆ ಸಿಗದ ನೆಂಟರಂತೆ ಬಾಯಿ ಬಿಗಿದುಕೊಂಡಿರುತ್ತವೆ. ಅಗ್ಗದ ಸೆಟ್ಟುಗಳಲ್ಲಿ ಎಚ್‌ಡಿಎಂಐ ಒಂದೇ ಇರುವುದರಿಂದ ಅಲ್ಲಿ ಸಿದ್ಧಾಂತಕ್ಕೆ ಜಾಗವಿಲ್ಲ.

ಟೀವಿಗೂ ಈ ಪೆಟ್ಟಿಗೆಗಳಿಗೂ ನಡುವೆ ಸಿಇಸಿ ಎಂಬ ಒಳಮಾತು ಬೇರೆ. ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಅನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಒಂದು ರಿಮೋಟಿನಲ್ಲೇ ಎಲ್ಲ ನಡೆಯುತ್ತದೆ, ನಿಜ. ಮಕ್ಕಳು ಗೇಮ್ ಆನ್ ಮಾಡಿದರೆ ಸಾಕು, ಅತ್ತೆ ಸೊಸೆಯ ಕೆನ್ನೆಗೆ ಇನ್ನೇನು ಬಾರಿಸಬೇಕು ಅನ್ನುವಷ್ಟರಲ್ಲಿ ಧಾರಾವಾಹಿ ಮಾಯವಾಗಿ ಫುಟ್‌ಬಾಲ್ ಮೈದಾನ ಬಂದು ನಿಲ್ಲುವುದೂ ನಿಜ.

ಪೋರ್ಟುಗಳ ನಂಬರು ಯಾರಿಗೂ ನೆನಪಿರುವುದಿಲ್ಲವಲ್ಲ ಎಂದು ಸೆಟಿಂಗ್ಸಿಗೆ ಹೋಗಿ ಎರಡನೆಯದಕ್ಕೆ ‘ಧಾರಾವಾಹಿ’ ಅಂತ ಹೆಸರಿಟ್ಟೆ.

‘ನಾನು ವಾರ್ತೇನೂ ನೋಡ್ತೀನಪ್ಪ, ಬರೀ ಧಾರಾವಾಹಿ ನೋಡೋಳು ಅಂತ ಊರಿಗೆಲ್ಲ ಸಾರ್ತೀಯಾ?’ ಅಂದರು ಅಮ್ಮ.

ಈಗ ಅಲ್ಲಿ ‘ಅಮ್ಮ’ ಅಂತಿದೆ. ಮೂರನೆಯದಕ್ಕೆ ಯಾರ ಹೆಸರು ಇಡಬೇಕೆಂದು ಮಕ್ಕಳಿಬ್ಬರೂ ಕಿತ್ತಾಡುತ್ತಿದ್ದಾರೆ.