ಅಹಮದ್ ಖಾನರ ಬರಿಗಾಲಿನ ಆಟ

ಕಲೆಯೆಂದರೆ ಸಂಗೀತ, ಸಾಹಿತ್ಯ, ಶಿಲ್ಪ, ನೃತ್ಯಗಳೆಂದು ಎಣಿಸುವುದು ವಿದ್ವಜ್ಜನರ ವಾಡಿಕೆ. ಆಟವನ್ನು ಆ ಪಂಕ್ತಿಯಲ್ಲಿ ಕುಳ್ಳಿರಿಸಲು ಅವರ ಮನಸ್ಸು ಸುಲಭವಾಗಿ ಒಪ್ಪದು. ಆದರೆ ದೀರ್ಘಾಭ್ಯಾಸದಿಂದ ದೇಹವನ್ನು ಬುದ್ಧಿಯ ಅಧೀನಕ್ಕೆ ತಂದುಕೊಂಡು, ನೋಡುವವರ ಹೃದಯವನ್ನು ಅರಳಿಸುವುದು ಕಲೆಯಾದಲ್ಲಿ ಕಾಲ್ಚೆಂಡಾಟವೂ ಕಲೆಯೇ. ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಕೀರ್ತಿವಂತರಾಗಿ, ಎರಡು ಒಲಿಂಪಿಕ್ ಕೂಟಗಳಲ್ಲಿ ಭಾರತದ ಪರವಾಗಿ ಆಡಿದ ಅಹಮದ್ ಖಾನರ ಜೀವನವೇ ಸಾಕು.

ಅವರು ಜನಿಸಿದ್ದು 1926ರಲ್ಲಿ. ದಂಡಿನ ಊರಾಗಿದ್ದ ಬೆಂಗಳೂರಿನಲ್ಲಿ ಆಗ ಬ್ರಿಟಿಷ್ ಸೈನಿಕರ ತಂಡಗಳು ಬೂಟು ತೊಟ್ಟು ಆಡುತ್ತಿದ್ದವು. ದೇಶೀಯ ಹುಡುಗರು ಬರಿಗಾಲಿನಲ್ಲಿಯೇ ಚೆಂಡಿನ ಬೆನ್ನು ಹತ್ತುತ್ತಿದ್ದರು. ಮುಂಬಯಿಯ ರೋವರ್ಸ್ ಕಪ್ ಬಹುಕಾಲ ಸೈನಿಕ ತಂಡಗಳ ಸೊತ್ತಿನಂತಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ‘ಬೆಂಗಳೂರು ಮುಸ್ಲಿಮ್ಸ್’. ಮರುವರ್ಷವೂ ಅದೇ ತಂಡ ಗೆದ್ದಿತು. ಆಗ ಅಹಮದರು ಹತ್ತು ಹನ್ನೊಂದು ವರ್ಷದ ಬಾಲಕ. ತಮ್ಮ ಊರಿನವರೇ ದೊರೆಗಳ ಪಡೆಯನ್ನು ಮಣಿಸಿದ ಸುದ್ದಿಯನ್ನು ಕೇಳಿ ಬೆಳೆದ ಪೀಳಿಗೆಯದು.

ಆ ಕಾಲದಲ್ಲಿ ಪ್ರತಿ ತಂಡದಲ್ಲೂ ಐವರು ಮುನ್ನುಗ್ಗಿ ಆಡುವವರು. ಅವರಲ್ಲಿ ಎಡತುದಿಯಿಂದ ಎರಡನೆಯವನ ಸ್ಥಾನಕ್ಕೆ ‘ಇನ್‌ಸೈಡ್ ಲೆಫ್ಟ್’ ಎಂದು ಹೆಸರು. ಅದು ಅಹಮದರ ಸ್ಥಾನ. ಹಿಂದಿನ ಸಾಲಿನಿಂದ ಬಂದ ಚೆಂಡನ್ನು ಸ್ವೀಕರಿಸಿ ಮುಂದಿನವರಿಗೆ ಮುಟ್ಟಿಸುವ ಸೇತುವೆಯಂತಹ ಕೆಲಸವದು. ಗೋಲು ಹೊಡೆದವನ ಹೆಸರನ್ನು ಜನ ಕೂಗುತ್ತಾರೆ. ಸೇತುವೆಯನ್ನು ನೆನೆಯುವವರು ವಿರಳ.

ಅಹಮದರನ್ನು ಮಾತ್ರ ಜನ ನೆನೆದರು. ಅವರ ಕಾಲಿಗೆ ಬಂದ ಚೆಂಡು ಅಲ್ಲಿಯೇ ಅಂಟಿಕೊಂಡಂತೆ ತೋರುತ್ತಿತ್ತು. ಎದುರಾಳಿ ಒಂದು ಕಡೆಗೆ ವಾಲಿದರೆ ಚೆಂಡು ಇನ್ನೊಂದು ಕಡೆಗೆ ಸರಿದಿರುತ್ತಿತ್ತು. ಇದನ್ನು ಕಂಡವರು ಅವರನ್ನು ‘ಹಾವಾಡಿಗ’ ಎಂದು ಕರೆದರು. ಬರಿಗಾಲಿಗೆ ಬೂಟಿಗಿಲ್ಲದ ಒಂದು ಸೌಲಭ್ಯವಿದೆ. ಅಂಗಾಲು, ಹೆಬ್ಬೆರಳು, ಪಾದದ ಅಂಚು ಇವೆಲ್ಲ ಚೆಂಡಿನ ತೂಕವನ್ನೂ ತಿರುವನ್ನೂ ನೇರವಾಗಿ ಅರಿಯುತ್ತವೆ. ಆ ಅರಿವನ್ನು ಅಹಮದರು ಪರಾಕಾಷ್ಠೆಗೆ ಒಯ್ದರು. ಇಷ್ಟೊಂದು ಹಿಡಿತವಿದ್ದವನು ಚೆಂಡನ್ನು ತನ್ನಲ್ಲೇ ಇರಿಸಿಕೊಂಡು ಮೆರೆಯಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಎದುರಾಳಿಗಳನ್ನು ತಮ್ಮತ್ತ ಸೆಳೆದುಕೊಂಡು, ಅವರು ಬಿಟ್ಟುಬಂದ ಬಯಲಿಗೆ ಚೆಂಡನ್ನು ದಾಟಿಸಿ, ಜೊತೆಗಾರನ ದಾರಿಯನ್ನು ಸುಗಮಗೊಳಿಸುತ್ತಿದ್ದರು. ಗಳಿಸಿದ್ದನ್ನು ಹಂಚುವುದೇ ದಾಸೋಹವಾದರೆ ಮೈದಾನದಲ್ಲಿಯೂ ದಾಸೋಹವುಂಟು.

1948ರ ಲಂಡನ್ ಒಲಿಂಪಿಕ್ ಕೂಟವು ಸ್ವತಂತ್ರ ಭಾರತಕ್ಕೆ ಮೊದಲನೆಯದು. ಜುಲೈ 31ರಂದು ಫ್ರಾನ್ಸಿನ ಎದುರು ಆಡಿದ ಭಾರತೀಯರಲ್ಲಿ ಬಹುಮಂದಿ ಬರಿಗಾಲಿನವರು. ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನ ತಂಡಗಳಲ್ಲಿ ಪಳಗಿದವರೇ. ದೊರೆತ ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಆಟದ ಕೊನೆಯ ಗಳಿಗೆಯಲ್ಲಿ ಭಾರತವು 1-2ರಿಂದ ಸೋತಿತು. ಸೋತರೂ ಪ್ರೇಕ್ಷಕರ ಮೆಚ್ಚುಗೆ ಬರಿಗಾಲಿನವರಿಗೇ ಸಂದಿತು.

ಮರುವರ್ಷ ಅಹಮದರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ಅವರ ಜೀವನದ ಅತ್ಯಂತ ಸ್ಮರಣೀಯ ಭಾಗವಿದು. ದೇಶವಿಭಜನೆಯಿಂದ ಮನೆಮಠ, ಗದ್ದೆತೋಟಗಳನ್ನು ಕಳೆದುಕೊಂಡು ಪೂರ್ವ ಬಂಗಾಳದಿಂದ ಬಂದ ಲಕ್ಷಾಂತರ ನಿರಾಶ್ರಿತರು ಆಗ ಕಲ್ಕತ್ತೆಯನ್ನು ತುಂಬಿದ್ದರು. ಬಿಟ್ಟುಬಂದ ನಾಡಿನ ಹೆಸರನ್ನು ಹೊತ್ತಿದ್ದ ಆ ತಂಡವೇ ಅವರಿಗೆ ಉಳಿದ ಅಭಿಮಾನ. ಅವರ ಭಾರವನ್ನು ಹೊತ್ತ ಐವರು ಯಾರು? ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇಹ್. ಐವರೂ ದಕ್ಷಿಣದವರು, ಒಬ್ಬರಿಗೂ ಬಂಗಾಳಿ ಮನೆಮಾತಲ್ಲ. ಇವರಿಗೆ ಕಲ್ಕತ್ತೆಯ ಜನ ಇಟ್ಟ ಹೆಸರು ‘ಪಂಚಪಾಂಡವರು’! ಮತದ ಹೆಸರಿನಲ್ಲಿ ರಕ್ತ ಹರಿದ ದಿನಗಳು ಇನ್ನೂ ಹಳತಾಗಿರಲಿಲ್ಲ. ಅಂತಹ ದಿನಗಳಲ್ಲಿ ಮನೆಮಾರು ಕಳೆದುಕೊಂಡ ಜನ ಖಾನರನ್ನೂ ಸಾಲೇಹರನ್ನೂ ಪಾಂಡವರಲ್ಲಿ ಎಣಿಸಿಕೊಂಡರು. ಬಂದವನ ಕುಲವನ್ನು ಕೇಳಲಾಗದೆಂದು ಶರಣರು ಬೋಧಿಸಿದ್ದನ್ನು ಆ ಮೈದಾನದ ಜನ, ಬೋಧೆಯಿಲ್ಲದೆಯೇ, ಆಚರಿಸಿ ತೋರಿದರು. 1949, 1950, 1951 ಈ ಮೂರು ವರ್ಷ ಸತತವಾಗಿ ಐ.ಎಫ್.ಎ. ಶೀಲ್ಡ್ ಆ ತಂಡಕ್ಕೆ ದಕ್ಕಿತು.

1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವು ಇರಾನನ್ನು 1-0ಯಿಂದ ಸೋಲಿಸಿ ಸ್ವರ್ಣಪದಕ ಪಡೆಯಿತು. ಅಹಮದರು ಆ ತಂಡದಲ್ಲಿದ್ದರು.

ಉನ್ನತಿಯ ಬೆನ್ನಿಗೇ ಪತನ ಬಂದಿತು. 1952ರ ಜುಲೈಯಲ್ಲಿ ಹೆಲ್ಸಿಂಕಿಯ ಒಲಿಂಪಿಕ್ ಕೂಟದಲ್ಲಿ ಯುಗೋಸ್ಲಾವಿಯವು ಭಾರತವನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲು ಅಹಮದರದು. ಆಟ ಮುಗಿಯಲು ಒಂದೆರಡು ನಿಮಿಷಗಳಿದ್ದಾಗ ಅದು ಬಂದಿತು. ಹತ್ತು ಗೋಲುಗಳ ಕೆಳಗೆ ಹೂತುಹೋದ ಮೇಲೂ ಚೆಂಡಿಗಾಗಿ ಓಡುವುದನ್ನು ಬಿಡದವನಿಗೆ ಮಾತ್ರ ಅಂತಹ ಗೋಲು ಸಾಧ್ಯ. ಗೆದ್ದ ತಂಡವು ಮುಂದೆ ರಜತಪದಕ ಪಡೆದ ಬಲಿಷ್ಠ ಪಡೆಯಾದುದರಿಂದ, ಸೋಲಿಗೆ ಬರಿಗಾಲೊಂದೇ ಕಾರಣವೆನ್ನಲಾಗದು. ಆದರೂ ತಂಪು ನಾಡಿನ ಒದ್ದೆ ಹುಲ್ಲಿನ ಮೇಲೆ, ಬೂಟಿನ ಏಟುಗಳ ಎದುರು ಬರಿಗಾಲಿಗಿದ್ದ ಮಿತಿ ಬಯಲಾಯಿತು. ಬಳಿಕ ಭಾರತೀಯ ಆಟಗಾರರಿಗೆ ಬೂಟು ಕಡ್ಡಾಯವಾಯಿತು.

ಓಲೆಗರಿಯ ಮೇಲೆ ಕಂಟದಿಂದ ಬರೆದು ಪಳಗಿದ ಕೈಗೆ ಕಾಗದವನ್ನೂ ಲೇಖನಿಯನ್ನೂ ಕೊಟ್ಟರೆ ಅಕ್ಷರ ಒಮ್ಮೆಗೇ ಕುದುರದು. ಇಪ್ಪತ್ತೈದು ದಾಟಿದ ವಯಸ್ಸಿನಲ್ಲಿ, ತಮ್ಮ ವಿದ್ಯೆಯ ಮೂಲವಾದ ಸ್ಪರ್ಶವನ್ನೇ ತೊಗಲಿನ ಹಿಂದೆ ಮರೆಮಾಡಬೇಕಾದ ಪ್ರಸಂಗ ಅಹಮದರದು. ಕಾಲ ಬದಲಾಯಿತೆಂದು ಹಳಿಯುತ್ತ ಅವರು ಆಟವನ್ನು ಬಿಡಲಿಲ್ಲ. 1954ರಲ್ಲಿ ಮನಿಲಾದ ಏಷ್ಯನ್ ಕೂಟದಲ್ಲಿ ಆಡಿದರು. ಈಸ್ಟ್ ಬೆಂಗಾಲಿನ ಸೇವೆಯನ್ನು 1959ರವರೆಗೆ ಸಲ್ಲಿಸಿದರು. ಕಲಿತವನು ಮತ್ತೆ ವಿದ್ಯಾರ್ಥಿಯಾಗುವುದು ಕಲಿಯದವನು ಕಲಿಯುವುದಕ್ಕಿಂತ ಕಷ್ಟ.

ಹುಟ್ಟಿದ ಬೆಂಗಳೂರಿನಲ್ಲಿಯೇ 2017ರ ಆಗಸ್ಟ್ ತಿಂಗಳಲ್ಲಿ, ತೊಂಬತ್ತರ ವಯಸ್ಸಿನಲ್ಲಿ ಅವರು ನಿಧನರಾದರು. ಬಂಗಾಳದ ವೃದ್ಧರು ಇಂದಿಗೂ ಹೇಳಬಲ್ಲ ಈ ಹೆಸರು ಕನ್ನಡನಾಡಿನ ಮಕ್ಕಳಿಗೆ ಅಪರಿಚಿತವಾಗಿರುವುದು ಖೇದಕರ.

ಸಂಜೆಯ ಪ್ರಾರ್ಥನೆಯ ಗಂಟೆ ಬಾರಿಸುವವರೆಗೂ ಈ ವಿದ್ಯಾಲಯದ ಬಯಲಿನಲ್ಲಿ ಪ್ರಸಾದನಿಲಯದ ಬಾಲಕರು ಬರಿಗಾಲಿನಲ್ಲಿ ಚೆಂಡಾಡುತ್ತಾರೆ. ಚೆಂಡು ಸಿಕ್ಕವನು ಅದನ್ನು ಬಿಟ್ಟುಕೊಡಲೊಲ್ಲ. ಸಿಗದವನು ಕೂಗುವುದನ್ನು ನಿಲ್ಲಿಸಲೊಲ್ಲ. ಅವರ ಕಿವಿಗೆ ಅಹಮದ್ ಖಾನರ ಹೆಸರು ಬೀಳಲಿ. ಚೆಂಡನ್ನು ಉಳಿಸಿಕೊಳ್ಳಬಲ್ಲವನಾಗಿಯೂ ತಕ್ಕ ಗಳಿಗೆಯಲ್ಲಿ ಜೊತೆಗಾರನಿಗೆ ಕೊಟ್ಟವರು ಅವರು ಎಂಬುದನ್ನು ಗುರುಗಳು ಹೇಳಿಕೊಡಲಿ.